ಆದಿಲ್ ಎಂಬ ಹೆಸರು: ಒಂಟೆಯ ಹೇರಿನಿಂದ ಪಣಜಿಯ ಅರಮನೆಯವರೆಗೆ

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಇಪ್ಪತ್ತೆರಡು ವರ್ಷಗಳಿಂದ ಗೋವಾದ ವಾಸ್ಕೋದಲ್ಲಿದ್ದೇವೆ. ಹುಟ್ಟಿ ಹದಿನೈದು ದಿನವಾದ ಮೊಮ್ಮಗನಿಗೆ ‘ಆದಿಲ್’ ಎಂದು ಹೆಸರಿಡಬೇಕೆಂಬುದು ಸೊಸೆಯ ಆಸೆ. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ‘ನ್ಯಾಯವಂತ’ ಎಂದಿದೆ, ಇನ್ನೊಂದು ಕಡೆ ‘ಉನ್ನತ ಕುಲದವನು’ ಎಂದಿದೆ, ಮತ್ತೊಂದು ಕಡೆ ‘ಆದಿಯಲ್ಲಿ ಹುಟ್ಟಿದವನು’ ಎಂದಿದೆ. ಅದು ಬಾದಶಹರ ಬಿರುದು, ದೇವರ ಹೆಸರೂ ಹೌದು, ಆದ್ದರಿಂದ ಮಗುವಿಗೆ ಇಡಬಾರದು ಎಂದು ನಮ್ಮ ಅಣ್ಣ ಹೇಳುತ್ತಾನೆ. ಪಣಜಿಯ ಹಳೆಯ ಅರಮನೆಯನ್ನು ಪೋರ್ಚುಗೀಸರು ‘ಇದಾಲ್‌ಕಾಂವ್’ ಅರಮನೆ ಎನ್ನುತ್ತಿದ್ದರು, ಅದೂ ಇದೇ ಹೆಸರು ಎಂದು ಜೊತೆಗೆ ಕೆಲಸ ಮಾಡುವ ಗೋವೆಯವರೊಬ್ಬರು ಹೇಳಿದರು. ಇವುಗಳಲ್ಲಿ ಯಾವುದು ಸರಿ? ಜನನ ಪತ್ರದಲ್ಲಿ ಹೇಗೆ ಬರೆಸಬೇಕು?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಪೂರ್ತಿ ಸರಿ, ಅಣ್ಣನವರು ಹೇಳಿದ್ದು ಅರ್ಧ ಸರಿ, ಮೊಬೈಲು ಹೇಳಿದ ಮೂರರಲ್ಲಿ ಮೊದಲನೆಯದು ಮಾತ್ರ ಸರಿ. ಆದರೆ ‘ನ್ಯಾಯವಂತ’ ಎಂಬ ಒಂದು ಮಾತಿನಲ್ಲಿ ಈ ಹೆಸರು ಮುಗಿಯುವಂಥದ್ದಲ್ಲವಾದ್ದರಿಂದ, ಅದರ ಬೇರಿನಿಂದಲೇ ಹೇಳುತ್ತ ಬರುತ್ತೇನೆ.

ಆದಿಲ್ ಅರಬ್ಬಿ ಶಬ್ದ. ಅರಬ್ಬಿ ಲಿಪಿಯಲ್ಲಿ ಅದಕ್ಕೆ ನಾಲ್ಕು ಅಕ್ಷರಗಳು: ಐನ್, ಅಲಿಫ್, ದಾಲ್, ಲಾಮ್. ಇವುಗಳಲ್ಲಿ ಅಲಿಫ್ ಎಂಬುದು ‘ಆ’ಕಾರದ ದೀರ್ಘವನ್ನು ತೋರಿಸಲು ಬಂದದ್ದು, ಅದನ್ನು ತೆಗೆದರೆ ಉಳಿಯುವ ಐನ್, ದಾಲ್, ಲಾಮ್ ಎಂಬ ಮೂರು ವ್ಯಂಜನಗಳೇ ಶಬ್ದದ ಧಾತು. ಅರಬ್ಬಿ ನಿಘಂಟಿನಲ್ಲಿ ಶಬ್ದಗಳನ್ನು ಧಾತುವಿನ ಕೆಳಗೆ ಜೋಡಿಸಿರುತ್ತಾರಾದ್ದರಿಂದ ಆದಿಲ್ ಎಂಬುದನ್ನು ಅಲಿಫ್ ಅಕ್ಷರದಲ್ಲಿ ಹುಡುಕಿದವರಿಗೆ ಅದು ಸಿಗುವುದಿಲ್ಲ, ಐನ್ ಅಕ್ಷರಕ್ಕೇ ಹೋಗಬೇಕು. ಐನ್ ಗಂಟಲಿನ ಆಳದಿಂದ ಬರುವ ಧ್ವನಿ. ಅದು ಕನ್ನಡದಲ್ಲಿಲ್ಲ, ಮರಾಠಿಯಲ್ಲಿಲ್ಲ, ಕೊಂಕಣಿಯಲ್ಲಿಲ್ಲ; ಉರ್ದುವಿನಲ್ಲಿ ಬರಹದಲ್ಲಿ ಉಳಿದಿದೆಯೇ ಹೊರತು ಬಾಯಲ್ಲಿ ಉಳಿದಿಲ್ಲ. ನಾವೆಲ್ಲ ಅದನ್ನು ಬರಿಯ ಸ್ವರವಾಗಿ ನುಡಿಯುತ್ತೇವೆ. ‘ಆದಿ’ ಎಂಬ ಸಂಸ್ಕೃತ ಶಬ್ದದೊಂದಿಗೆ ಗೊಂದಲವಾಗುವುದಕ್ಕೆ ಇದೇ ಕಾರಣ. ಐನ್ ಕಳಚಿಬಿದ್ದ ಮೇಲೆ ಕನ್ನಡದ ಕಿವಿಗೆ ‘ಆದಿ’ ಕೇಳುತ್ತದೆ, ಹೆಸರಿನ ಪಟ್ಟಿ ಮಾಡುವವರು ಹಿಂದುಮುಂದು ನೋಡದೆ ಅದನ್ನೇ ಅರ್ಥವೆಂದು ಬರೆದುಬಿಡುತ್ತಾರೆ. ‘ಉನ್ನತ ಕುಲದವನು’ ಎಂಬುದು ಇನ್ನೂ ದೂರದಿಂದ ಬಂದ ತಪ್ಪು: ಜರ್ಮನ್ ಭಾಷೆಯಲ್ಲಿ ‘ಆಡೆಲ್’ ಎಂದರೆ ಕುಲೀನ ವರ್ಗ, ಯುರೋಪಿನ ಅಡೆಲಾ ಮುಂತಾದ ಹೆಂಗಸರ ಹೆಸರುಗಳ ಬೇರು ಅಲ್ಲಿದೆ. ರೋಮನ್ ಲಿಪಿಯಲ್ಲಿ ಎರಡೂ ಸರಿಸುಮಾರು ಒಂದೇ ರೀತಿ ಕಾಣುವುದರಿಂದ ಆ ಅರ್ಥ ಇಲ್ಲಿಗೆ ಅಂಟಿಕೊಂಡಿದೆ. ಎರಡನ್ನೂ ಮರೆತುಬಿಡಿ.

ಈಗ ಧಾತುವಿಗೆ ಬರುತ್ತೇನೆ. ನಾನು ಚಿಕ್ಕವನಿದ್ದಾಗ ಸಿಂದಗಿಯ ಸಂತೆಗೆ ಎತ್ತಿನ ಮೇಲೆ, ಕತ್ತೆಯ ಮೇಲೆ ಕಂಟಲೆ ಹಾಕಿಕೊಂಡು ಕಾಳು ತರುವವರನ್ನು ನೋಡಿದ್ದೇನೆ. ಕಂಟಲೆ ಎಂದರೆ ಪ್ರಾಣಿಯ ಬೆನ್ನಿನ ಮೇಲೆ ಅಡ್ಡಲಾಗಿ ಹಾಕಿ ಎರಡೂ ಬದಿಗೆ ಇಳಿಬಿಡುವ ಜೋಡಿಚೀಲ. ಒಂದು ಬದಿಯ ಕಾಳು ಮಾರಿ ಆ ಚೀಲ ಹಗುರವಾದರೆ ಹೇರು ಇನ್ನೊಂದು ಬದಿಗೆ ಜಗ್ಗಿ ಎತ್ತಿನ ಬೆನ್ನು ಹುಣ್ಣಾಗುತ್ತದೆ; ಅದಕ್ಕಾಗಿ ಮನೆಗೆ ಮರಳುವಾಗ ಅವರು ದಾರಿಬದಿಯ ಒಂದು ಕಲ್ಲನ್ನು ಎತ್ತಿ ಹಗುರಾದ ಬದಿಗೆ ತುಂಬಿ, ಎರಡೂ ಚೀಲಗಳ ತಳವನ್ನು ಅಂಗೈಯಿಂದ ಎತ್ತಿ ಎತ್ತಿ ನೋಡಿ, ಸರಿಯೆನಿಸಿದ ಮೇಲೆ ಹೊರಡುತ್ತಿದ್ದರು. ಅರಬ್ಬಿಯಲ್ಲಿ ಈ ಜೋಡಿಚೀಲದ ಒಂದು ಬದಿಗೆ ‘ಇದ್ಲ್’ ಎನ್ನುತ್ತಾರೆ. ಒಂಟೆಯ ಎಡಬದಿಯ ಹೇರು ಬಲಬದಿಯ ಹೇರಿಗೆ ಇದ್ಲ್, ಬಲಬದಿಯದು ಎಡಬದಿಯದಕ್ಕೆ ಇದ್ಲ್. ಒಂಟೆಯ ಮೇಲಿನ ಅಂಬಾರಿಯಲ್ಲಿ ಒಂದು ಬದಿಗೆ ನೀವು ಕುಳಿತರೆ ಇನ್ನೊಂದು ಬದಿಗೆ ತೂಕ ಸರಿತೂಗಿಸಲು ಕುಳಿತವನು ನಿಮ್ಮ ‘ಅದೀಲ್’. ಇದೇ ಧಾತುವಿನಿಂದ ‘ಅದ್ಲ್’, ಅಂದರೆ ನ್ಯಾಯ, ಬಂದಿದೆ. ಹೇರು ಸರಿತೂಗಿದಂತೆ ಇಬ್ಬರ ನಡುವೆ ಸರಿತೂಗುವುದು ಅದ್ಲ್, ಹಾಗೆ ತೂಗುವವನು ಆದಿಲ್. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ನಾವು ಯಾವುದನ್ನು ಹೇಳುತ್ತೇವೋ ಅದಕ್ಕೆ ನೇರ ವಿರುದ್ಧವಾದ ನಡತೆ.

ಈ ಸರಿತೂಗುವ ಭಾವ ಧಾತುವಿನ ಎಲ್ಲ ಕೊಂಬೆಗಳಲ್ಲೂ ಇದೆ. ಹಗಲು ಇರುಳು ಸಮವಾಗುವ ದಿನ, ನಾವು ವಿಷುವ ಎನ್ನುವುದು, ಅರಬ್ಬಿಯಲ್ಲಿ ‘ಇಅತಿದಾಲ್’. ಬಿಸಿಲೂ ಹೆಚ್ಚಲ್ಲದ ಚಳಿಯೂ ಹೆಚ್ಚಲ್ಲದ ಹವೆ, ಅತಿಗೆ ಹೋಗದ ಮನುಷ್ಯ, ಇವೆರಡಕ್ಕೂ ‘ಮುಅತದಿಲ್’ ಎಂಬ ಒಂದೇ ವಿಶೇಷಣ. ಗಣಿತದ ಸಮೀಕರಣ ‘ಮುಆದಲಾ’. ಅದರಲ್ಲೂ ಎಡಬದಿ ಬಲಬದಿಗೆ ಸಮ. ಕಾನೂನಿಗೆ ತರುವ ತಿದ್ದುಪಡಿ ‘ತಅದೀಲ್’, ಅಂದರೆ ಸರಿಮಾಡುವುದು. ಹದೀಸುಗಳನ್ನು, ಅಂದರೆ ಪ್ರವಾದಿಯವರ ನುಡಿ-ನಡೆಗಳನ್ನು, ವರದಿ ಮಾಡಿದವರು ನಂಬಿಕೆಗೆ ಅರ್ಹರೇ ಎಂದು ಒರೆಹಚ್ಚುವ ಶಾಸ್ತ್ರದಲ್ಲಿ ವರದಿಗಾರನನ್ನು ನಂಬಬಹುದೆಂದು ತೀರ್ಮಾನಿಸುವುದಕ್ಕೂ ತಅದೀಲ್ ಎಂದೇ ಹೆಸರು, ಅವನ ದೋಷ ಎತ್ತಿ ತಳ್ಳಿಹಾಕುವುದು ‘ಜರ್ಹ್’. ಈ ಧಾತು ಒಮ್ಮೊಮ್ಮೆ ಆಕ್ಷೇಪದ ಅರ್ಥದಲ್ಲೂ ಬರುತ್ತದೆ: ಕುರ್‌ಆನಿನ 6ನೆಯ ಅಧ್ಯಾಯದ ಮೊದಲ ವಾಕ್ಯದಲ್ಲಿ, ನಂಬದವರು ತಮ್ಮ ಒಡೆಯನಿಗೆ ಇತರರನ್ನು ಸಮ ಮಾಡುತ್ತಾರೆ ಎಂದು ಹೇಳಲು ಇದೇ ಧಾತುವಿನ ಕ್ರಿಯಾಪದವನ್ನು ಬಳಸಲಾಗಿದೆ. ಸಮ ಮಾಡಬಾರದ್ದನ್ನು ಸಮ ಮಾಡುವುದೂ ಒಂದು ತೂಕವೇ ಆಯಿತಲ್ಲ.

ನ್ಯಾಯಕ್ಕೆ ಅರಬ್ಬಿಯಲ್ಲಿರುವ ಇತರ ಶಬ್ದಗಳೂ ಹೀಗೆಯೇ ಪಾಲು ಮಾಡುವ, ತೂಗುವ ಕೆಲಸದಿಂದಲೇ ಬಂದಿವೆ ಎಂಬುದು ನನಗೆ ಮೊದಲಿನಿಂದಲೂ ಇಷ್ಟವಾದ ಸಂಗತಿ. ‘ಇನ್ಸಾಫ್’ ಶಬ್ದದ ಒಳಗೆ ‘ನಿಸ್ಫ್’ ಇದೆ, ಅಂದರೆ ಅರ್ಧ. ಇಬ್ಬರಿಗೂ ಸರಿಯಾಗಿ ಅರ್ಧ ಮಾಡಿಕೊಡುವವನು ‘ಮುನ್ಸಿಫ್’. ನಮ್ಮ ತಾಲೂಕಿನ ಮುನಸೀಫ ಕೋರ್ಟಿಗೆ ಹೆಸರು ಬಂದದ್ದು ಅಲ್ಲಿಂದ. ‘ಕಿಸ್ತ್’ ಎಂಬುದು ಕುರ್‌ಆನಿನಲ್ಲಿ ನ್ಯಾಯಕ್ಕೆ ಬಳಕೆಯಾದ ಇನ್ನೊಂದು ಶಬ್ದ, ಅದರ ಇನ್ನೊಂದು ಅರ್ಥ ಪಾಲು. ಆ ಪಾಲಿನಿಂದಲೇ ಕಂದಾಯದ ಕಿಸ್ತು ಹುಟ್ಟಿ ನಮ್ಮ ರೈತರ ಬಾಯಿಗೂ ಬಂತು. ಕಿಸ್ತು ಕಟ್ಟುವಾಗ ಅದರಲ್ಲಿ ನ್ಯಾಯವಿದೆ ಎಂದು ಯಾರಿಗೂ ಅನ್ನಿಸಿದ್ದಿಲ್ಲ, ಅದು ಬೇರೆ ಮಾತು.

ಇನ್ನು ರೂಪದ ವಿಚಾರ. ಅರಬ್ಬಿಯಲ್ಲಿ ಮೂರು ವ್ಯಂಜನಗಳ ಮೊದಲನೆಯದಕ್ಕೆ ‘ಆ’, ಎರಡನೆಯದಕ್ಕೆ ‘ಇ’ ಸೇರಿಸಿದರೆ ಆ ಕೆಲಸ ಮಾಡುವವನು ಎಂಬ ಅರ್ಥದ ಶಬ್ದವಾಗುತ್ತದೆ. ಇದು ಕರ್ತೃವಾಚಿ. ಅದ್ಲ್ ಮಾಡುವವನು ಆದಿಲ್, ನೆರವಾಗುವವನು ನಾಸಿರ್, ತಾಳ್ಮೆಯಿಂದಿರುವವನು ಸಾಬಿರ್, ಸರಿದಾರಿಯಲ್ಲಿ ನಡೆಯುವವನು ರಾಶಿದ್, ಚಿರವಾಗಿ ಉಳಿಯುವವನು ಖಾಲಿದ್. ಅರಬ್ಬಿ ಬಾರದ ಕನ್ನಡಿಗರೂ ಈ ಅಚ್ಚಿನ ಶಬ್ದಗಳನ್ನು ದಿನವೆಲ್ಲ ಬಳಸುತ್ತಾರೆ: ಒಡೆತನ ಹೊಂದಿದವನು ಮಾಲೀಕ, ಎದುರಿಗೆ ಬಂದು ನಿಂತವನು ಹಾಜರು, ಒಳಹೊಕ್ಕದ್ದು ದಾಖಲು, ನಿಂತಿರುವುದು ಕಾಯಂ, ಹರಿಯುತ್ತಿರುವುದು ಜಾರಿ, ಉಳಿದದ್ದು ಬಾಕಿ, ಬರಿದಾದದ್ದು ಖಾಲಿ. ಮೂಲದಲ್ಲಿ ಇವೆಲ್ಲವೂ ಆದಿಲ್ ಎಂಬುದರ ಅಣ್ಣತಮ್ಮಂದಿರು. ನಮ್ಮ ನಾಲಿಗೆಗೆ ಹೊಂದುವಂತೆ ಕೆಲವು ಸ್ವರಗಳು ಸವೆದಿವೆ, ಅಷ್ಟೆ. ಇದಕ್ಕೆ ಎದುರಾಗಿ, ಕೆಲಸಕ್ಕೆ ಒಳಗಾದದ್ದನ್ನು ಹೇಳುವ ಕರ್ಮವಾಚಿ ಅಚ್ಚೊಂದಿದೆ: ಹೊಗಳಲ್ಪಟ್ಟವನು ಮಹಮೂದ್, ಗೆಲುವು ಕೊಡಲ್ಪಟ್ಟವನು ಮನ್ಸೂರ್. ನಮ್ಮ ಮಂಜೂರು, ಮಜಕೂರು, ಮಾಮೂಲು ಆ ಅಚ್ಚಿನವು. ಹೆಸರಿಡುವ ತಾಯಿತಂದೆಯರು ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ, ಆದರೆ ಗಮನಿಸಬೇಕಾದದ್ದು. ಮಹಮೂದನಿಗೆ ಇತರರು ಏನನ್ನೋ ಮಾಡಿರುತ್ತಾರೆ. ಆದಿಲ್ ಎಂಬುವವನು ತಾನೇ ಮಾಡಬೇಕು. ಆದ್ದರಿಂದ ‘ನ್ಯಾಯವಂತ’ ಎಂಬುದಕ್ಕಿಂತ ‘ಸರಿತೂಗಿ ನಡೆಯುವವನು’ ಎಂದರೆ ಮೂಲಕ್ಕೆ ಹತ್ತಿರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳಿಗೆ ಇದೇ ಹೆಸರು ಆದಿಲಾ ಎಂದಾಗುತ್ತದೆ. ಪಾಕಿಸ್ತಾನದ ಕಡೆ ಹೆಚ್ಚು ಕೇಳುವ ‘ಅದೀಲ್’ ಬೇರೆ ಹೆಸರು. ಮೇಲೆ ಹೇಳಿದ, ಅಂಬಾರಿಯ ಇನ್ನೊಂದು ಬದಿಗೆ ಕುಳಿತ ಸರಿಜೋಡಿ ಅವನು.

ಅಣ್ಣನವರ ಎರಡು ಆಕ್ಷೇಪಗಳಲ್ಲಿ ಮೊದಲು ದೇವರ ಹೆಸರಿನದನ್ನು ತೆಗೆದುಕೊಳ್ಳುತ್ತೇನೆ. ಅಲ್ಲಾಹನ ತೊಂಬತ್ತೊಂಬತ್ತು ನಾಮಗಳ ರೂಢಿಯ ಪಟ್ಟಿಯಲ್ಲಿ ಇರುವುದು ‘ಅಲ್-ಅದ್ಲ್’, ಅಂದರೆ ನ್ಯಾಯವೇ ಆದವನು. ‘ಆದಿಲ್’ ಆ ಪಟ್ಟಿಯಲ್ಲಿಲ್ಲ. ಕುರ್‌ಆನಿನಲ್ಲಿ ಈ ಧಾತು 28 ಸಲ ಬರುತ್ತದೆ, ಕ್ರಿಯಾಪದವಾಗಿ 14 ಸಲ, ಅದ್ಲ್ ಎಂಬ ನಾಮಪದವಾಗಿ 14 ಸಲ. ಆದಿಲ್ ಎಂಬ ರೂಪ ಒಮ್ಮೆಯೂ ಇಲ್ಲ. ಶುಕ್ರವಾರದ ಖುತ್ಬಾದ, ಅಂದರೆ ಪ್ರವಚನದ, ಕೊನೆಯಲ್ಲಿ ಬಹಳ ಮಸೀದಿಗಳಲ್ಲಿ ಓದುವ 16ನೆಯ ಅಧ್ಯಾಯದ 90ನೆಯ ವಾಕ್ಯವನ್ನು ನೀವು ನೂರಾರು ಸಲ ಕೇಳಿರುತ್ತೀರಿ. ಅಲ್ಲಾಹನು ಅದ್ಲ್ ಮತ್ತು ಇಹ್ಸಾನ್, ಅಂದರೆ ನ್ಯಾಯ ಮತ್ತು ಒಳ್ಳೆಯತನ, ಇವುಗಳನ್ನು ಆಜ್ಞಾಪಿಸುತ್ತಾನೆ ಎಂದು ಅದು ಶುರುವಾಗುತ್ತದೆ. ಆದಿಲ್ ಎಂಬ ರೂಪ ಹದೀಸಿನಲ್ಲಿ ಸಿಗುತ್ತದೆ: ಬೇರೆ ನೆರಳೇ ಇಲ್ಲದ ದಿನ ಅಲ್ಲಾಹನ ನೆರಳು ಪಡೆಯುವ ಏಳು ಬಗೆಯ ಜನರಲ್ಲಿ ಮೊದಲನೆಯವನು ‘ಇಮಾಮುನ್ ಆದಿಲ್’, ಅಂದರೆ ನ್ಯಾಯದಿಂದ ಆಳುವ ನಾಯಕ, ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದು ಇದೆ. ಅಲ್ಲಿ ಆದಿಲ್ ಎಂಬುದು ಮನುಷ್ಯನಿಗೇ ಸಲ್ಲುವ ವಿಶೇಷಣ. ಶಿಯಾ ಪಂಥದವರಲ್ಲಂತೂ ಧರ್ಮದ ಐದು ಮೂಲತತ್ತ್ವಗಳಲ್ಲಿ ಅದ್ಲ್ ಒಂದು. ಹೀಗಾಗಿ ಧರ್ಮದ ಕಡೆಯಿಂದ ಈ ಹೆಸರಿಗೆ ಅಡ್ಡಿ ಕಾಣುವುದಿಲ್ಲ, ದೇವರ ಹೆಸರುಗಳ ಮೊದಲಿಗೆ ಸೇರಿಸುವ, ‘ದಾಸ’ ಎಂಬ ಅರ್ಥದ ‘ಅಬ್ದುಲ್’ ಇದಕ್ಕೆ ಸೇರಿಸಬೇಕಾದ ಅಗತ್ಯವೂ ಇಲ್ಲ.

ಬಾದಶಹರ ಬಿರುದು ಎಂಬ ಎರಡನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಈ ಶಬ್ದ ಬಹುಕಾಲ ಮಕ್ಕಳ ಹೆಸರಾಗಿ ಬಳಕೆಯಾದದ್ದಕ್ಕಿಂತ ದೊರೆಗಳ ಬಿರುದಾಗಿ ಮೆರೆದದ್ದೇ ಹೆಚ್ಚು. ಇಸ್ಲಾಮಿಗೆ ಮೊದಲೇ ಪರ್ಷಿಯವನ್ನು 531ರಿಂದ 579ರವರೆಗೆ ಆಳಿದ ಸಾಸಾನಿ ದೊರೆ ಮೊದಲನೆಯ ಖುಸ್ರೋನನ್ನು ಮುಂದಿನ ಪರ್ಷಿಯನ್ ಸಾಹಿತ್ಯ ‘ನೌಶೇರ್ವಾನ್-ಎ-ಆದಿಲ್’ ಎಂದು ಕರೆಯಿತು, ನ್ಯಾಯದ ಕಥೆಗಳನ್ನೆಲ್ಲ ಅವನ ಸುತ್ತ ಹೆಣೆಯಿತು. ಸಲಾಹುದ್ದೀನನ ತಮ್ಮ, 1218ರಲ್ಲಿ ತೀರಿಕೊಂಡ ಐಯೂಬಿ ಸುಲ್ತಾನ, ‘ಅಲ್-ಮಲಿಕ್ ಅಲ್-ಆದಿಲ್’ ಎಂದೇ ಇತಿಹಾಸದಲ್ಲಿ ಪ್ರಸಿದ್ಧ. ಅದು ಅವನಿಗೆ ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ. ಬಿರುದಿಗೂ ಬಾಳಿಗೂ ಸಂಬಂಧವೇ ಇಲ್ಲದ ಉದಾಹರಣೆಯೂ ನಮ್ಮ ದೇಶದಲ್ಲೇ ಇದೆ: ಶೇರ್ ಶಾಹನ ಮನೆತನದ ಮುಬಾರಿಜ್ ಖಾನ್ ಎಂಬುವವನು ಪಟ್ಟಕ್ಕೆ ಬಂದಿದ್ದ ಎಳೆಯ ಹುಡುಗನನ್ನು, ತನ್ನ ಸ್ವಂತ ಸೋದರಳಿಯನನ್ನೇ, ಕೊಂದು ಸಿಂಹಾಸನ ಹತ್ತಿ ಮುಹಮ್ಮದ್ ಆದಿಲ್ ಶಾಹ್ ಎಂದು ಕರೆಸಿಕೊಂಡ. ಜನ ಅದನ್ನು ‘ಅದಲೀ’ ಎಂದು ಮೊಟಕು ಮಾಡಿದರು, ಆಮೇಲೆ ಅದನ್ನೂ ತಿರುಚಿ ‘ಅಂಧಲೀ’, ಅಂದರೆ ಕುರುಡ, ಎಂದು ಆಡಿಕೊಂಡರು. ಬಿರುದು ಕೊಳ್ಳುವುದು ದೊರೆಯ ಕೈಯಲ್ಲಿದ್ದರೂ ಕರೆಯುವ ಬಾಯಿ ಜನರದ್ದು.

ಅರಬ್ ಜಗತ್ತಿನಲ್ಲಿ ಬಿರುದುಗಳು ಕ್ರಮೇಣ ಹೆಸರುಗಳಾಗುವುದು ಹಳೆಯ ದಾರಿ, ಆದಿಲ್ ಕೂಡ ಹಾಗೆಯೇ ಮನೆಮನೆಗೆ ಬಂತು. ಇಂದು ಈಜಿಪ್ಟಿನ ಪ್ರಸಿದ್ಧ ನಟ ಆದಿಲ್ ಇಮಾಮ್‌ನಿಂದ ಇಂಗ್ಲೆಂಡಿನ ಕ್ರಿಕೆಟ್ ಸ್ಪಿನ್ನರ್ ಆದಿಲ್ ರಶೀದ್‌ವರೆಗೆ ಅದು ತೀರಾ ಸಾಧಾರಣ ಹೆಸರು. ಈಜಿಪ್ಟಿನವರ ಹಾಗೂ ಇರಾನಿನವರ ಬಾಯಲ್ಲಿ ಅದು ‘ಆದೆಲ್’ ಎಂದು ಕೇಳಿಸುತ್ತದೆ, ಬರಹ ಮಾತ್ರ ಒಂದೇ. ಮುಂಬಯಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ: ಅಲ್ಲಿನ ಪಾರಸಿಗಳಲ್ಲೂ ಆದಿಲ್ ಇದ್ದಾರೆ. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಓಡಿದ ಆದಿಲ್ ಸುಮಾರಿವಾಲಾ ಎಲ್ಲರೂ ಬಲ್ಲ ಉದಾಹರಣೆ. ಇಸ್ಲಾಮಿಗೆ ಮೊದಲಿನ ಧರ್ಮವನ್ನು ಉಳಿಸಿಕೊಂಡು ಬಂದ ಸಮುದಾಯದಲ್ಲಿ ಅರಬ್ಬಿ ಹೆಸರು ಹೇಗೆ ಬಂತೆಂದು ಬೆರಗಾಗಬೇಕಿಲ್ಲ. ಪಾರಸಿಗಳಲ್ಲಿ ನೋಶಿರ್, ನೌಶೇರ್ವಾನ್ ಹೆಸರುಗಳು ಬಹಳ, ಆ ನೌಶೇರ್ವಾನನ ಬೆನ್ನಿಗೇ ‘ಆದಿಲ್’ ಅಂಟಿಕೊಂಡಿತ್ತಾದ್ದರಿಂದ ಪರ್ಷಿಯನ್ ಭಾಷೆಯ ಮೂಲಕ ಅದು ಅವರ ಮನೆಗೂ ನಡೆದುಬಂದಿತೆಂದು ನಾನು ತರ್ಕಿಸುತ್ತೇನೆ. ಅಣ್ಣನವರಿಗೆ ಇಷ್ಟು ಹೇಳಿ: ಸುಲ್ತಾನ ಎಂಬ ಬಿರುದನ್ನೇ ಮಕ್ಕಳಿಗೆ ಇಡುತ್ತೇವಂತೆ, ಆದಿಲ್ ಏನು ಹೆಚ್ಚು?

ಈಗ ಪಣಜಿಯ ಅರಮನೆ. ಕಳೆದ ಮಳೆಗಾಲದ ಕೊನೆಗೆ ನಾನು ಮಾಂಡವಿಯ ದಂಡೆಯಲ್ಲಿ, ಅಬೆ ಫಾರಿಯಾನ ಪ್ರತಿಮೆಯ ಬದಿಗೆ ಮಳೆಗೆ ನಿಂತಿದ್ದಾಗ, ಹತ್ತಿರದಲ್ಲೇ ಫುಟ್‌ಪಾತಿಗೆ ಕಲ್ಲು ಜೋಡಿಸುತ್ತಿದ್ದ ಮುದ್ದೇಬಿಹಾಳದ ಹುಡುಗನೊಬ್ಬ ನನ್ನ ಫೋನಿನ ಕನ್ನಡ ಕೇಳಿ ಹತ್ತಿರ ಬಂದು, ಆ ಬಿಳಿಯ ಕಟ್ಟಡದ ಕಡೆ ಕರಣಿ ತೋರಿಸಿ, “ಇದು ನಮ್ಮ ಬಿಜಾಪುರದವ್ರ ಮನಿ ಅಂತಾರಲ್ರೀ, ಖರೇ ಏನ್ರೀ?” ಎಂದು ಕೇಳಿದ್ದ. ಖರೇ ಎಂದು ಹೇಳಿದೆ. ನಿಮಗೆ ಕೊಂಚ ವಿವರವಾಗಿ ಹೇಳುತ್ತೇನೆ.

1472ರಲ್ಲಿ ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗಾವಾನ್ ಗೋವೆಯನ್ನು ವಿಜಯನಗರದಿಂದ ಗೆದ್ದ. ಅದೇ ರಾಜ್ಯದಲ್ಲಿ ಮೇಲೇರಿದ ಸರದಾರ ಯೂಸುಫ್‌ನಿಗೆ ಬಹಮನಿ ದರಬಾರಿನಿಂದ ಬಂದ ಬಿರುದು ‘ಆದಿಲ್ ಖಾನ್’. ರಾಜ್ಯ ಒಡೆದು ಹೋಳಾಗತೊಡಗಿದಾಗ, 1490ರ ಸುಮಾರಿಗೆ, ಅವನು ವಿಜಯಪುರದಲ್ಲಿ ಸ್ವತಂತ್ರನಾದ; ಆ ಮನೆತನದವರು ಮುಂದೆ ‘ಆದಿಲ್ ಶಾಹ್’ ಎಂದು ಕರೆಸಿಕೊಂಡು 1686ರಲ್ಲಿ ಔರಂಗಜೇಬನು ಕೋಟೆ ಹಿಡಿಯುವವರೆಗೆ ಆಳಿದರು. ಆದಿಲ್ ಅರಬ್ಬಿ, ಖಾನ್ ತುರ್ಕಿ-ಮಂಗೋಲ ಮೂಲದ್ದು, ಶಾಹ್ ಪರ್ಷಿಯನ್; ಗೋಳಗುಮ್ಮಟದ ನೆರಳಲ್ಲಿ ಬೆಳೆದವರಿಗೆ ಆ ಮೂರೂ ಸೇರಿ ‘ಆದಿಲಶಾಹಿ’ ಎಂಬ ಒಂದೇ ಊರಿನ ಶಬ್ದ. ಮಾಂಡವಿ ದಂಡೆಯ ಅರಮನೆ ಯೂಸುಫನ ಕಾಲದ್ದೆಂದು ಹೇಳುತ್ತಾರೆ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವೆಯನ್ನು ಮೊದಲು ಹಿಡಿದ, ಕೆಲವೇ ತಿಂಗಳಲ್ಲಿ ಬಿಜಾಪುರದ ಸೈನ್ಯಕ್ಕೆ ಬಿಟ್ಟುಕೊಟ್ಟ, ನವೆಂಬರ್ 25ರಂದು ಮತ್ತೆ ಹಿಡಿದ. ಮುಂದೆ 1759ರಲ್ಲಿ ಪೋರ್ಚುಗೀಸ್ ವೈಸರಾಯ್ ಹಳೆಯ ಗೋವೆಯಿಂದ ತನ್ನ ವಾಸವನ್ನು ಈ ಕಟ್ಟಡಕ್ಕೆ ಬದಲಿಸಿದ. ಗೋವಾ ಭಾರತಕ್ಕೆ ಸೇರಿದ ಮೇಲೆ ವಿಧಾನಸಭೆ 2000ದಲ್ಲಿ ಪರ್ವರಿಗೆ ಹೋಗುವವರೆಗೂ ಇಲ್ಲಿಯೇ ಸೇರುತ್ತಿತ್ತು. ಈಗಲೂ ಅದನ್ನು ಆದಿಲಶಾಹ ಅರಮನೆ ಎಂದೇ ಕರೆಯುತ್ತಾರೆ.

‘ಆದಿಲ್ ಖಾನ್’ ಎಂಬುದು ‘ಇದಾಲ್‌ಕಾಂವ್’ ಆದ ಬಗೆ ಹೀಗೆ. ಅರಬ್ಬಿ-ಪರ್ಷಿಯನ್‌ನ ‘ಖ’ ಪೋರ್ಚುಗೀಸರ ಬಾಯಲ್ಲಿ ‘ಕ’ ಆಯಿತು. ಕೊನೆಯ ‘ಆನ್’ ಅವರ ಭಾಷೆಯ ಅನುನಾಸಿಕ ‘ಆಂವ್’ ಆಗಿ ತಿರುಗಿತು. ಗೋವೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವರಿಗೆ ಈ ಧ್ವನಿ ಹೊಸದಲ್ಲ. ಜೂನ್ ತಿಂಗಳಲ್ಲಿ ಹುಡುಗರು ಬಾವಿಗೆ ಹಾರುವ ಸಾಂವ್ ಜುವಾಂವ್ ಹಬ್ಬದ ಎರಡೂ ಶಬ್ದಗಳ ಕೊನೆಯಲ್ಲಿರುವುದು ಅದೇ. ‘ಆದಿಲ್ ಶಾಹ್’ ಎಂಬುದನ್ನು ಅವರು ‘ಇದಾಲ್‌ಶಾ’ ಎಂದರು. ಅಹಮದನಗರದ ನಿಜಾಮುಲ್ಮುಲ್ಕ್ ಅವರ ಬಾಯಲ್ಲಿ ನಿಜಾಮಲೂಕು, ಗೋಲ್ಕೊಂಡದ ಕುತುಬುಲ್ಮುಲ್ಕ್ ಕೊತಮಲೂಕು. ಬಿರುದನ್ನೇ ಹೆಸರೆಂದು ತಿಳಿದು ಇಡೀ ಮನೆತನವನ್ನು ಅದರಿಂದ ಕರೆಯುವುದು ಅವರ ರೂಢಿಯಾಗಿತ್ತು.

ಮೊದಲ ‘ಆ’ ಹೇಗೆ ‘ಇ’ ಆಯಿತು ಎಂಬುದು ಇದರಲ್ಲಿ ನಿಜವಾಗಿ ಕೆದಕಬೇಕಾದ ಪ್ರಶ್ನೆ. ಪೋರ್ಚುಗೀಸರು ಕೇಳಿ ತಪ್ಪಿದರು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಮರಾಠಿಯ ಹಳೆಯ ಕಾಗದಗಳಲ್ಲಿ, ಬಖರು ಎಂಬ ಇತಿಹಾಸ ಕಥನಗಳಲ್ಲಿ ‘ಇದಲಶಾಹಿ’, ‘ಯೆದಿಲಶಹಾ’ ಎಂಬ ರೂಪಗಳೇ ಬರುತ್ತವೆ. ಅವರು ಪೋರ್ಚುಗೀಸರನ್ನು ನೋಡಿ ಬರೆದವರಲ್ಲ. ಅಂದರೆ ದಖ್ಖನಿನ ಜನರ ಬಾಯಲ್ಲೇ ಈ ‘ಆ’ ಮುಂದಕ್ಕೆ ಜಾರಿ ‘ಎ’, ‘ಇ’ ಆಗಿತ್ತು, ಪೋರ್ಚುಗೀಸರು ಕೊಂಕಣದ ದಂಡೆಯಲ್ಲಿ ಕೇಳಿಸಿಕೊಂಡದ್ದೂ ಅದನ್ನೇ ಎಂದು ನಾನು ನಂಬುತ್ತೇನೆ. ಗಂಟಲಿನ ಐನ್ ಇಲ್ಲವಾದ ಮೇಲೆ ಸ್ವರವನ್ನು ಹಿಡಿದಿಡುವ ಗೂಟವೇ ಕಿತ್ತುಹೋದಂತೆ, ಸ್ವರ ಅಲೆಯತೊಡಗುತ್ತದೆ.

ನಿಮ್ಮ ಊರಿನ ಕಡೆಯವೇ ಆದ ಎರಡು ಶಬ್ದಗಳನ್ನು ಇಲ್ಲಿ ಸೇರಿಸದೆ ಹೋದರೆ ಉತ್ತರ ಅಪೂರ್ಣವಾಗುತ್ತದೆ. ವಿಜಯಪುರದ ಒಳಕೋಟೆಯ ‘ಅದಾಲತ್ ಮಹಲ್’ ಹೆಸರಿನಲ್ಲಿರುವುದು ಇದೇ ಧಾತು, ಲೋಕ ಅದಾಲತ್‌ನಲ್ಲಿರುವುದೂ ಇದೇ. ಮೂಲ ಅರಬ್ಬಿಯಲ್ಲಿ ಅದಾಲತ್ ಎಂದರೆ ನ್ಯಾಯವಂತಿಕೆ ಎಂಬ ಗುಣ, ಕಟ್ಟಡವಲ್ಲ. ಅರಬರು ಕೋರ್ಟಿಗೆ ‘ಮಹಕಮಾ’ ಎನ್ನುತ್ತಾರೆ. ಗುಣದ ಹೆಸರನ್ನು ಕಟ್ಟಡಕ್ಕೆ ಇಟ್ಟವರು ನಮ್ಮ ಕಡೆಯವರು. ಮುಹಮ್ಮದ್ ಆದಿಲ್ ಶಾಹ್ 1646ರ ಸುಮಾರಿಗೆ ಕಟ್ಟಿಸಿದ, ಈಗ ಅಸರ್ ಮಹಲ್ ಎನ್ನುವ ಕಟ್ಟಡ ಮೊದಲಿಗೆ ‘ದಾದ್ ಮಹಲ್’ ಆಗಿತ್ತು. ದಾದ್ ಎಂಬುದು ನ್ಯಾಯಕ್ಕೆ ಪರ್ಷಿಯನ್ ಶಬ್ದ, ನಮ್ಮ ‘ದಾದು ಫಿರ್ಯಾದು’ ಎಂಬಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಆದರೆ ‘ಅದಲುಬದಲು’ ಕೇಳಿ ಮೋಸ ಹೋಗಬೇಡಿ. ಅದರಲ್ಲಿ ‘ಬದಲು’ ಅರಬ್ಬಿಯ ಬದಲ್, ‘ಅದಲು’ ಬರಿಯ ಪ್ರಾಸಕ್ಕೆ ಮುಂದೆ ನಿಂತ ಪ್ರತಿಧ್ವನಿ. ಅಕ್ಕಪಕ್ಕದಲ್ಲಿ ಅಕ್ಕ ಇಲ್ಲದ ಹಾಗೆ ಅದಲುಬದಲಿನಲ್ಲಿ ಅದ್ಲ್ ಇಲ್ಲ.

ಕೊನೆಗೆ ಬರಹದ ಪ್ರಶ್ನೆ. ಕನ್ನಡದಲ್ಲಿ ‘ಆದಿಲ್’ ಎಂದೇ ಬರೆಯಿರಿ: ಮೊದಲಿಗೆ ದೀರ್ಘ ‘ಆ’, ನಡುವೆ ಅಲ್ಪಪ್ರಾಣದ ‘ದಿ’, ಕೊನೆಗೆ ಅರ್ಧಾಕ್ಷರದ ‘ಲ್’. ‘ಅದಿಲ್’ ಎಂದು ಹ್ರಸ್ವ ಮಾಡಿದರೆ ಕರ್ತೃವಾಚಿಯ ಅಚ್ಚು ಮುರಿಯುತ್ತದೆ. ‘ಆಧಿಲ್’ ಎಂದು ಮಹಾಪ್ರಾಣ ಹಾಕುವುದಕ್ಕೆ ಯಾವ ಆಧಾರವೂ ಇಲ್ಲ. ಕನ್ನಡದ ವಾಕ್ಯದಲ್ಲಿ ವಿಭಕ್ತಿ ಸೇರಿದಾಗ ‘ಆದಿಲನಿಗೆ’, ‘ಆದಿಲನ’ ಎಂದಾಗುವುದು ಸಹಜ. ಇಂಡಿಯ ಓಣಿಗೆ ಹೋದರೆ ಅವನು ಹೇಗೂ ‘ಆದಿಲ್ಯಾ’ ಆಗುತ್ತಾನೆ, ಅದನ್ನು ತಡೆಯಲು ವ್ಯಾಕರಣದಿಂದ ಆಗದು. ರೋಮನ್ ಲಿಪಿಯಲ್ಲಿ ‘ಎ, ಡಿ, ಐ, ಎಲ್’ ಎಂಬ ನಾಲ್ಕೇ ಅಕ್ಷರಗಳು ಸಾಕು. ದೀರ್ಘ ತೋರಿಸಲು ಮೊದಲಿಗೆ ಎರಡು ‘ಎ’ ಬರೆಸುವವರಿದ್ದಾರೆ, ಅದೂ ತಪ್ಪಲ್ಲ. ಆದರೆ ನಡುವಿನ ‘ಐ’ ಬದಲು ಎರಡು ‘ಇ’ ಬರೆಸಿದರೆ ಅದು ಅದೀಲ್ ಎಂಬ ಬೇರೆ ಹೆಸರಾಗಿ ಓದಿಸಿಕೊಳ್ಳುತ್ತದೆ. ಗೋವೆಯಲ್ಲಿ ಇನ್ನೊಂದು ಅನುಕೂಲವಿದೆ: ರೋಮನ್ ಲಿಪಿಯ ಕೊಂಕಣಿ ಬರಹದಲ್ಲಿ ಒಂದೇ ‘ಡಿ’ ಅಕ್ಷರ ಇದ್ದರೆ ‘ದ’, ಎರಡಿದ್ದರೆ ‘ಡ’ ಎಂಬ ರೂಢಿ ಇರುವುದರಿಂದ, ಅದನ್ನು ಬಲ್ಲವರು ನಿಮ್ಮ ಮೊಮ್ಮಗನನ್ನು ‘ಆಡಿಲ್’ ಎಂದು ಕರೆಯುವುದಿಲ್ಲ.

ಮಗುವಿಗೆ ಹದಿನೈದೇ ದಿನವಾಗಿರುವುದರಿಂದ ನೋಂದಣಿ ಹೆಸರಿಲ್ಲದೆ ಆಗಿದ್ದರೂ ಚಿಂತೆ ಬೇಡ. ಜನನ-ಮರಣ ನೋಂದಣಿಯ 1969ರ ಕಾಯಿದೆಯ ಪ್ರಕಾರ ಹೆಸರನ್ನು ಆಮೇ‍ಲೆ ಸೇರಿಸಲು ಅವಕಾಶವಿದೆ. ನೋಂದಣಿಯಾದ ಹನ್ನೆರಡು ತಿಂಗಳ ಒಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಫಾರ್ಮು ತುಂಬುವ ಮೊದಲು ಒಂದು ಚೀಟಿಯಲ್ಲಿ ರೋಮನ್ ಅಕ್ಷರಗಳನ್ನು ದೊಡ್ಡದಾಗಿ ಬರೆದುಕೊಂಡು ಹೋಗಿ, ಅದನ್ನು ನೋಡಿಯೇ ಬರೆಯಲು ಹೇಳಿ, ಪತ್ರ ಕೈಗೆ ಬಂದ ಕೂಡಲೇ ಕೌಂಟರ್ ಬಿಡುವ ಮೊದಲು ಓದಿ ನೋಡಿ. ನನ್ನ ಮಗಳ ಪತ್ರದಲ್ಲಿ ಒಂದು ಅಕ್ಷರ ಹೆಚ್ಚು ಬಿದ್ದದ್ದನ್ನು ನಾನು ಅವಳು ಶಾಲೆಗೆ ಸೇರುವ ವರ್ಷ ಕಂಡೆ. ಅದನ್ನು ತೆಗೆಸಲು ಒಂಬತ್ತು ಸಲ ಓಡಾಡಿದೆ.